ಕರುವಿಗೆ ಬೇಧಿಯಾದಾಗ ಮೊದಲು ನೀರಿನ ಲೆಕ್ಕ

ಮದ್ದೂರಿನ ಹತ್ತಿರದ ಒಂದು ಹಳ್ಳಿ. ಡೇರಿಗೆ ಹಾಲು ಹಾಕಿ ಜನ ವಾಪಸ್ ಬರುವ ಹೊತ್ತು. ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಹನ್ನೆರಡು ದಿನದ ಕರು ಮಲಗಿತ್ತು. ಪಕ್ಕದಲ್ಲಿ ಒಂದು ಚೊಂಬು, ಅದರಲ್ಲಿ ಬೆಲ್ಲದ ನೀರು.

"ಡಾಕ್ಟ್ರೇ, ಎಲ್ಡು ದಿನದಿಂದ ಬೆಲ್ಲದ ನೀರು ಕುಡಿಸ್ತಾವ್ನಿ. ಬೇಧಿ ನಿಲ್ತಾನೇ ಇಲ್ಲ" ಅಂದರು ಮನೆಯ ಅವ್ವ.

ಕರುವಿನ ಕತ್ತಿನ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿ ಬಿಟ್ಟೆ. ಮನಸ್ಸಲ್ಲೇ ಎಣಿಸಿದೆ. ಒಂದು, ಎರಡು, ಮೂರು. ಏಳರವರೆಗೂ ಆ ಮಡಿಕೆ ಹಾಗೇ ನಿಂತಿತ್ತು. ಕಣ್ಣುಗುಡ್ಡೆ ಒಳಗೆ ಹೋಗಿ, ಅದಕ್ಕೂ ರೆಪ್ಪೆಗೂ ನಡುವೆ ಒಂದು ಪೆನ್ಸಿಲ್ ಕೂರುವಷ್ಟು ಸಂದು ಬಿಟ್ಟಿತ್ತು. ಬಾಯೊಳಗೆ ಬೆರಳಿಟ್ಟೆ. ತಣ್ಣಗಿತ್ತು. ಬೆರಳನ್ನು ಚೀಪಲಿಲ್ಲ.

ಆ ಕರುವನ್ನು ಕೊಲ್ಲುತ್ತಿದ್ದದ್ದು ರೋಗಾಣುಗಿಂತ ಹೆಚ್ಚಾಗಿ ನೀರಿನ ಕೊರತೆ. ಬೇಧಿಯಲ್ಲಿ ಕರುವಿನ ಮೈಯಿಂದ ನೀರು ಹೋಗುತ್ತದೆ, ಜೊತೆಗೆ ಉಪ್ಪು ಮತ್ತು ಅಡುಗೆ ಸೋಡಾದಲ್ಲಿರುವಂಥ ಸೋಡಾ ಅಂಶವೂ (ಬೈಕಾರ್ಬನೇಟ್) ಹೋಗುತ್ತದೆ. ಇಂಜೆಕ್ಷನ್ ಯಾವುದು, ಮಾತ್ರೆ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ಎಷ್ಟು ಲೀಟರ್ ಹೋಗಿದೆ, ಎಷ್ಟು ಲೀಟರ್ ವಾಪಸ್ ಕೊಡಬೇಕು ಅಂತ ಕೇಳುವವರು ಕಡಿಮೆ. ಈ ಬರಹ ಆ ಲೀಟರಿನ ಲೆಕ್ಕದ ಬಗ್ಗೆ.

ಎಷ್ಟು ಒಣಗಿದೆ ಅಂತ ನೋಡುವುದು ಹೇಗೆ

ಇದಕ್ಕೆ ಯಾವ ಯಂತ್ರವೂ ಬೇಡ. ಕತ್ತಿನ ಚರ್ಮ, ಕಣ್ಣು, ಬಾಯಿ ಮತ್ತು ಕರು ನಿಲ್ಲುವ ರೀತಿ, ಇಷ್ಟು ನೋಡಿದರೆ ಸಾಕು.

ಆರೋಗ್ಯವಾಗಿರುವ ಕರುವಿನ ಚರ್ಮ ಎತ್ತಿ ಬಿಟ್ಟರೆ ತಕ್ಷಣ ಕೂರುತ್ತದೆ. ಮೈತೂಕದ ನೂರಕ್ಕೆ 5 ಭಾಗದವರೆಗೆ ನೀರು ಹೋಗಿದ್ದರೂ ಕಣ್ಣಿಗೆ ಏನೂ ಕಾಣುವುದಿಲ್ಲ. ಇದು ಮುಖ್ಯವಾದ ಮಾತು. ಬೇಧಿ ಶುರುವಾಗಿದೆ, ಆದರೆ ಕರು ಚೆನ್ನಾಗೇ ಇದೆ ಅಂತ ನಿಮಗೆ ಅನಿಸುವ ಹೊತ್ತಿಗೆ ಒಂದೂವರೆ ಲೀಟರ್ ಹೋಗಿರಬಹುದು. 6ರಿಂದ 8 ಭಾಗ ಹೋದಾಗ ಚರ್ಮ ಕೂರಲು ಎರಡರಿಂದ ನಾಲ್ಕು ಸೆಕೆಂಡ್ ಬೇಕು. ಕಣ್ಣು ಸ್ವಲ್ಪ ಒಳಗೆ ಹೋಗಿರುತ್ತದೆ. ವಸಡು ಅಂಟಂಟಾಗಿರುತ್ತದೆ. ಆದರೂ ಕರು ನಿಂತಿರುತ್ತದೆ, ಚೀಪುತ್ತದೆ. 8ರಿಂದ 10 ಆದರೆ ಚರ್ಮ ಐದಾರು ಸೆಕೆಂಡಿಗೂ ಜಾಸ್ತಿ ಹಾಗೇ ನಿಲ್ಲುತ್ತದೆ. ಕಣ್ಣಿನ ಸಂದು ಚೆನ್ನಾಗಿ ಕಾಣುತ್ತದೆ, ಕರು ಮಲಗಿಬಿಡುತ್ತದೆ. 10 ದಾಟಿದರೆ ಕಿವಿ, ಕಾಲು, ಬಾಯಿ ತಣ್ಣಗಾಗುತ್ತವೆ. ಅಲ್ಲಿಂದ ಮುಂದೆ ಗಂಟೆಗಳ ಲೆಕ್ಕ.

ಒಂದು ಎಚ್ಚರಿಕೆ. ಮೇವಿಲ್ಲದೆ ತುಂಬ ಸೊರಗಿದ ಪ್ರಾಣಿಯ ಕಣ್ಣು ನೀರು ಕಮ್ಮಿಯಾಗದಿದ್ದರೂ ಒಳಗೆ ಹೋಗಿರುತ್ತದೆ. ಹಾಗಾಗಿ ಕಣ್ಣೊಂದನ್ನೇ ನಂಬಬೇಡಿ. ಇನ್ನು ಕೆಲವು ಕರುಗಳ ಕಣ್ಣು ಅಷ್ಟೇನೂ ಒಳಗೆ ಹೋಗಿರುವುದಿಲ್ಲ, ಆದರೂ ಕುಡಿದವರ ಹಾಗೆ ತೂರಾಡುತ್ತವೆ, ಬೆರಳು ಚೀಪುವುದಿಲ್ಲ. ಅದು ರಕ್ತದಲ್ಲಿ ಹುಳಿ ಅಂಶ ಏರಿದ ಗುರುತು. ಎಂಟು ದಿನ ದಾಟಿದ ಕರುಗಳಲ್ಲಿ ಇದನ್ನು ಜಾಸ್ತಿ ನೋಡುತ್ತೇವೆ. ಅವಕ್ಕೆ ಬರೀ ನೀರು ಸಾಲದು, ಡಾಕ್ಟರ್ ನರಕ್ಕೆ ಸೋಡಾ ಅಂಶದ ದ್ರಾವಣ ಕೊಡಬೇಕಾಗುತ್ತದೆ.

ತೂಕ ಹಿಡಿಯಿರಿ, ಗುಣಿಸಿ

ದರ್ಜಿಯ ಟೇಪು ತನ್ನಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ ತೆಗೆಯಿರಿ. ಭುಜದ ಮೊನೆಯಿಂದ ಬಾಲದ ಪಕ್ಕದ ಮೂಳೆಯವರೆಗಿನ ಉದ್ದವನ್ನೂ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಹತ್ತಿರಹತ್ತಿರ ಕೆ.ಜಿ. ಸಿಗುತ್ತದೆ. ಸುತ್ತಳತೆ 28, ಉದ್ದ 24 ಇದ್ದರೆ ಸುಮಾರು 28 ಕೆ.ಜಿ. ಆಯಿತು.

ಈಗ ನೀರಿನ ಲೆಕ್ಕ. 30 ಕೆ.ಜಿ. ಕರು, ನೂರಕ್ಕೆ 8 ಭಾಗ ಒಣಗಿದೆ ಅನ್ನೋಣ. 30ರಲ್ಲಿ ನೂರಕ್ಕೆ 8 ಅಂದರೆ 2.4. ಇಷ್ಟು ಲೀಟರ್ ಸಾಲ ಆಗಲೇ ಬಾಕಿ ಇದೆ. ಇವತ್ತೂ ಬೇಧಿ ಆಗುತ್ತಲೇ ಇದೆ, ಅದರಲ್ಲಿ ಇನ್ನೂ ಒಂದೆರಡು ಲೀಟರ್ ಹೋಗುತ್ತದೆ. ಎರಡೂ ಸೇರಿಸಿದರೆ ದಿನಕ್ಕೆ ಸುಮಾರು ನಾಲ್ಕು ಲೀಟರ್. ಇದು ಹಾಲಿನ ಲೆಕ್ಕ ಬಿಟ್ಟು. ಅವ್ವ ಎರಡು ದಿನದಲ್ಲಿ ಕುಡಿಸಿದ್ದು ದಿನಕ್ಕೆ ಎರಡು ಚೊಂಬು. ಅವರ ಪ್ರೀತಿಯಲ್ಲಿ ಏನೂ ಕಮ್ಮಿ ಇರಲಿಲ್ಲ, ಅಳತೆ ಕಮ್ಮಿ ಇತ್ತು.

ಸಕ್ಕರೆ ನಾಡಿನಲ್ಲಿ ಕರುವಿಗೆ ಸಕ್ಕರೆ ಬೇಡ

ಮಂಡ್ಯದಲ್ಲಿ ಈ ಮಾತು ಹೇಳುವುದು ಕಷ್ಟ. ಆಲೆಮನೆ ಪಕ್ಕದಲ್ಲೇ ಇರುತ್ತದೆ, ಬೆಲ್ಲ ಯಾವಾಗಲೂ ಮನೆಯಲ್ಲಿರುತ್ತದೆ. ಆದರೆ ಎಳೆ ಕರುವಿನ ಕರುಳಿನಲ್ಲಿ ಕಬ್ಬಿನ ಸಕ್ಕರೆಯನ್ನು ಒಡೆಯುವ ಕಿಣ್ವವೇ ಇಲ್ಲ. ಸಕ್ಕರೆಯೂ ಅದೇ, ಬೆಲ್ಲವೂ ಅದೇ. ಜೀರ್ಣವಾಗದ ಸಕ್ಕರೆ ಕರುಳಿನಲ್ಲಿ ಉಳಿದು ಮೈಯ ನೀರನ್ನು ತನ್ನ ಕಡೆಗೆ ಎಳೆಯುತ್ತದೆ. ಬೇಧಿ ಇನ್ನೂ ಜಾಸ್ತಿಯಾಗುತ್ತದೆ. ಮನುಷ್ಯರ ಮಗುವಿಗೆ ಸಕ್ಕರೆ ಉಪ್ಪಿನ ನೀರು ಸರಿ, ಕರುವಿಗೆ ಗ್ಲೂಕೋಸೇ ಆಗಬೇಕು.

ಎಳನೀರಿನ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಮದ್ದೂರಿನ ಎಳನೀರು ಮಾರುಕಟ್ಟೆಯ ಊರಿನವರು ನಾವು, ಎಲ್ಲ ಕಾಯಿಲೆಗೂ ಎಳನೀರು ಅನ್ನುವ ಅಭ್ಯಾಸ. ಎಳನೀರಿನಲ್ಲಿ ಪೊಟ್ಯಾಸಿಯಂ ತುಂಬ, ಸೋಡಿಯಂ ಬಹಳ ಕಮ್ಮಿ. ಬೇಧಿಯ ಕರುವಿಗೆ ಮುಖ್ಯವಾಗಿ ಬೇಕಾದದ್ದು ಸೋಡಿಯಂ. ಜೊತೆಗೆ ತೀರಾ ಒಣಗಿದ ಕರುವಿನ ರಕ್ತದಲ್ಲಿ ಪೊಟ್ಯಾಸಿಯಂ ಆಗಲೇ ಏರಿರಬಹುದು, ಅದು ಹೃದಯಕ್ಕೆ ಅಪಾಯ.

ಉಪ್ಪು ಮತ್ತು ಗ್ಲೂಕೋಸ್ ಜೊತೆಯಾಗಿ ಯಾಕೆ ಬೇಕು? ಕರುಳಿನ ಗೋಡೆ ಇವೆರಡನ್ನೂ ಒಟ್ಟಿಗೆ ಒಳಕ್ಕೆ ಎಳೆದುಕೊಳ್ಳುತ್ತದೆ, ಅವುಗಳ ಹಿಂದೆ ನೀರು ಬರುತ್ತದೆ. ಬೇಧಿಯ ನಡುವೆಯೂ ಈ ದಾರಿ ತೆರೆದೇ ಇರುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ, ಬಂಗಾಳದ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಅವರ ಹತ್ತಿರ ಡ್ರಿಪ್ ಬಾಟಲಿಗಳು ಸಾಲಲಿಲ್ಲ. ಅವರು ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗೆ ಇಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ನಿಮ್ಮ ಕೊಟ್ಟಿಗೆಯ ಬಕೆಟ್ಟಿನಲ್ಲಿ ಕಲಸುವುದೂ ಅದೇ ಜಾತಿಯ ನೀರು.

ಕಲಸುವುದು ಹೀಗೆ. ಕುದಿಸಿ ಉಗುರುಬೆಚ್ಚಗೆ ಆರಿಸಿದ ಎರಡು ಲೀಟರ್ ನೀರಿಗೆ ಪುಡಿ ಉಪ್ಪು 9 ಗ್ರಾಂ, ಅಡುಗೆ ಸೋಡಾ 5 ಗ್ರಾಂ, ಗ್ಲೂಕೋಸ್ ಪುಡಿ 40 ಗ್ರಾಂ. ಉಪ್ಪು ಅಂದರೆ ತಲೆತಟ್ಟಿದ ಒಂದೂವರೆ ಟೀ ಚಮಚ, ಸೋಡಾ ಒಂದು ಟೀ ಚಮಚ. ಆದರೂ ಚಮಚದ ಲೆಕ್ಕಕ್ಕಿಂತ ತೂಕವೇ ವಾಸಿ. ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಕರು ಹುಟ್ಟುವ ಮೊದಲೇ ನಾಲ್ಕು ಪೊಟ್ಟಣ ಕಟ್ಟಿ ಗಾಳಿಯಾಡದ ಡಬ್ಬಿಯಲ್ಲಿಡಿ. ರಾತ್ರಿ ಹನ್ನೊಂದಕ್ಕೆ ಬೇಧಿ ಕಂಡರೆ ಅಂಗಡಿ ತೆರೆದಿರುವುದಿಲ್ಲ, ಅಲ್ವಾ?

ಕರುವಿಗೆ ಅಂತಲೇ ಬರುವ ಪುಡಿ ಸಿಕ್ಕರೆ ಅದು ಇನ್ನೂ ಒಳ್ಳೆಯದು, ಅದರಲ್ಲಿ ಪೊಟ್ಯಾಸಿಯಂ ಅಳತೆಯಾಗಿ ಇರುತ್ತದೆ. ಏನೂ ಇಲ್ಲದಿದ್ದರೆ ಮೆಡಿಕಲ್ ಶಾಪಿನ ಒಂದು ಲೀಟರಿನ ಓ.ಆರ್.ಎಸ್. ಪುಡಿಯಿಂದಲೇ ಶುರು ಮಾಡಿ. ಅದರಲ್ಲಿ ಕರುವಿಗೆ ಬೇಕಾದ್ದಕ್ಕಿಂತ ಸೋಡಿಯಂ ಸ್ವಲ್ಪ ಕಮ್ಮಿ, ಆದರೆ ಏನೂ ಕೊಡದೆ ಇರುವುದಕ್ಕಿಂತ ಸಾವಿರ ಪಾಲು ವಾಸಿ. ಹಣ್ಣಿನ ಚಿತ್ರ ಹಾಕಿದ ಟೆಟ್ರಾ ಪ್ಯಾಕಿನ ಸಿಹಿ ಪಾನೀಯ ಮಾತ್ರ ತರಬೇಡಿ, ಅದು ಓ.ಆರ್.ಎಸ್. ಅಲ್ಲ. ಪುಡಿಯನ್ನು ಗಟ್ಟಿಯಾಗಿ ಕಲಸಿದರೆ ಜಾಸ್ತಿ ಶಕ್ತಿ ಬರುತ್ತದೆ ಅನ್ನುವುದೂ ತಪ್ಪು. ಉಪ್ಪು ಹೆಚ್ಚಾದ ನೀರು ಮೆದುಳಿಗೆ ಪೆಟ್ಟು ಕೊಡುತ್ತದೆ.

ಕುಡಿಸುವ ರೀತಿ

ಕರು ಬೆರಳು ಚೀಪುತ್ತಿದ್ದರೆ ನಿಪ್ಪಲ್ ಬಾಟಲಿಯಲ್ಲಿ ಕುಡಿಸಿ. ಒಂದು ಸಲಕ್ಕೆ ಒಂದು ಲೀಟರಿನಿಂದ ಒಂದೂಕಾಲು ಲೀಟರ್, ದಿನಕ್ಕೆ ಮೂರು ನಾಲ್ಕು ಸಲ. ಮೂತಿ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು.

ಚೀಪದ ಕರುವಿಗೆ ದಯವಿಟ್ಟು ಗೊಟ್ಟ ಹಾಕಬೇಡಿ. ತಲೆ ಎತ್ತಿ ಹಿಡಿದು, ನಾಲಿಗೆ ಎಳೆದು, ಬಿದಿರಿನ ಗೊಟ್ಟದಲ್ಲಿ ಸುರಿದರೆ ನೀರು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಗುತ್ತದೆ. ಬೇಧಿಯಿಂದ ಉಳಿದ ಕರು ಮೂರನೇ ದಿನ ನ್ಯುಮೋನಿಯಾದಲ್ಲಿ ಸತ್ತಿದ್ದನ್ನು ನೋಡಿದ್ದೇನೆ. ಆ ಮನೆಯವರಿಗೆ ಕಾರಣ ಹೇಳುವುದು ಬಹಳ ಕಷ್ಟವಾಯಿತು. ಬಾಯಿಯಿಂದ ಹೊಟ್ಟೆಗೆ ಕೊಳವೆ ಹಾಕಿ ಕೊಡಬಹುದು, ಆದರೆ ಅದನ್ನು ಕಲಿತವರೇ ಹಾಕಬೇಕು.

ಹಾಲು ನಿಲ್ಲಿಸಬೇಕಾ? ಬೇಡ. ಹಾಲು ನಿಲ್ಲಿಸಿದರೆ ಬೇಧಿಯ ಜೊತೆ ಹಸಿವೂ ಸೇರುತ್ತದೆ. ಸಗಣಿ ಗಟ್ಟಿಯಾದ ಹಾಗೆ ಕಾಣಬಹುದು, ಹೊಟ್ಟೆಯಲ್ಲಿ ಏನೂ ಇಲ್ಲದ್ದರಿಂದ ಹಾಗೆ ಕಾಣುವುದು. ಸಲಕ್ಕೆ ಕಮ್ಮಿ ಕೊಡಿ, ಹೆಚ್ಚು ಸಲ ಕೊಡಿ. ಒಂದೇ ನಿಯಮ ಅಂದರೆ ಸೋಡಾ ಬೆರೆಸಿದ ನೀರನ್ನು ಹಾಲಿನ ಜೊತೆ ಕೊಡಬೇಡಿ. ಹಾಲು ಕರುವಿನ ಹೊಟ್ಟೆಯಲ್ಲಿ ಒಡೆದು ಗಟ್ಟಿಯಾಗಬೇಕು, ಸೋಡಾ ಅದಕ್ಕೆ ಅಡ್ಡಿ ಮಾಡುತ್ತದೆ. ನಡುವೆ ಎರಡು ಗಂಟೆ ಬಿಡಿ.

ಡ್ರಿಪ್ ಯಾವಾಗ, ಬಾಟಲಿಯಲ್ಲಿ ಏನಿದೆ

ಬೆರಳು ಚೀಪದಿದ್ದರೆ, ಬಾಯಿ ತಣ್ಣಗಿದ್ದರೆ, ಎದೆಯ ಮೇಲೆ ಕೂರಲಾಗದೆ ಅಡ್ಡ ಮಲಗಿದ್ದರೆ, ಥರ್ಮಾಮೀಟರಿನಲ್ಲಿ 100 ಡಿಗ್ರಿ ಫ್ಯಾರನ್‌ಹೀಟಿಗಿಂತ ಕಮ್ಮಿ ತೋರಿಸಿದರೆ ಬಾಯಿಯಿಂದ ಕೊಡುವ ಕಾಲ ಮುಗಿದಿದೆ. ಡಾಕ್ಟರನ್ನು ಕರೆಸಿ, ಇಲ್ಲವೇ 1962ಕ್ಕೆ ಫೋನ್ ಮಾಡಿ. ಆ ನಂಬರಿಗೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ. ಫೋನಿನಲ್ಲಿ "ಕರುಗೆ ಹುಷಾರಿಲ್ಲ" ಅಂತ ಮಾತ್ರ ಹೇಳಬೇಡಿ. ಎಷ್ಟು ದಿನದ ಕರು, ಬೇಧಿ ಯಾವಾಗಿನಿಂದ, ಚೀಪುತ್ತಾ ಇಲ್ವಾ, ಚರ್ಮ ಎಷ್ಟು ಸೆಕೆಂಡ್ ನಿಂತಿತು, ಇಷ್ಟು ಹೇಳಿ. ಕೇಳಿದವರಿಗೆ ಎಷ್ಟು ಬಾಟಲಿ ತರಬೇಕು ಅಂತ ಅಲ್ಲೇ ಗೊತ್ತಾಗುತ್ತದೆ.

ಈಗ ನನಗೆ ತುಂಬ ಬೇಜಾರು ಕೊಡುವ ವಿಷಯ. "ಒಂದು ಗ್ಲೂಕೋಸ್ ಹಾಕ್ಬಿಡಿ ಡಾಕ್ಟ್ರೇ" ಅನ್ನುವ ಮಾತು. ಅವ್ವನ ಕರುವಿಗೂ ಹಿಂದಿನ ದಿನ ಯಾರೋ ಬಂದು ಅರ್ಧ ಲೀಟರ್ ಗ್ಲೂಕೋಸ್ ಹಾಕಿ ಹೋಗಿದ್ದರು. ಆ ಬಾಟಲಿಯಲ್ಲಿದ್ದದ್ದು 25 ಗ್ರಾಂ ಗ್ಲೂಕೋಸ್ ಮತ್ತು ನೀರು. ಉಪ್ಪು ಒಂದು ಚಿಟಿಕೆಯೂ ಇಲ್ಲ. ಗ್ಲೂಕೋಸ್ ಮೈಗೆ ಹತ್ತಿದ ಮೇಲೆ ಉಳಿಯುವುದು ಬರೀ ನೀರು. ಅದು ರಕ್ತನಾಳದಲ್ಲಿ ನಿಲ್ಲುವುದಿಲ್ಲ, ಮೈಯೆಲ್ಲ ಹರಡಿಹೋಗುತ್ತದೆ. ಎರಡೂವರೆ ಲೀಟರ್ ಸಾಲ ಇರುವ ಕರುವಿಗೆ ಅದು ಯಾವ ಮೂಲೆಗೆ?

ಕೊರತೆ ತುಂಬಲು ಬೇಕಾದದ್ದು ಉಪ್ಪಿನ ಅಂಶ ಇರುವ ದ್ರಾವಣ. ರಿಂಗರ್ ಲ್ಯಾಕ್ಟೇಟ್, ನಾವೆಲ್ಲ ಆರ್.ಎಲ್. ಅನ್ನುತ್ತೇವಲ್ಲ, ಅದು ಕರುವಿನ ಬೇಧಿಗೆ ಒಳ್ಳೆಯದು. ಅದರಲ್ಲಿರುವ ಲ್ಯಾಕ್ಟೇಟನ್ನು ಪಿತ್ತಜನಕಾಂಗ ಸೋಡಾ ಅಂಶವಾಗಿ ಬದಲಿಸುತ್ತದೆ. ಕರು ಸೋತು ಸಕ್ಕರೆ ಅಂಶ ಇಳಿದಿದ್ದರೆ ಗ್ಲೂಕೋಸನ್ನು ಜೊತೆಗೆ ಸೇರಿಸಬಹುದು. ಜೊತೆಗೆ ಮಾತ್ರ, ಬದಲಿಗೆ ಅಲ್ಲ.

30 ಕೆ.ಜಿ. ಕರುವಿಗೆ ಮೊದಲ ಗಂಟೆಯಲ್ಲಿ ಸುಮಾರು ಒಂದು ಲೀಟರ್ ಹೋಗುವ ಹಾಗೆ ಬಿಡುತ್ತೇವೆ, ಆಮೇಲೆ ನಿಧಾನ ಮಾಡುತ್ತೇವೆ. ಮನೆಯವರ ಕೆಲಸವೂ ಇದೆ. ಬಾಟಲಿಯನ್ನು ಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿ ಹತ್ತು ನಿಮಿಷ ಇಟ್ಟು ಕೊಡಿ, ತಣ್ಣಗಿನ ದ್ರಾವಣ ತಣ್ಣಗಿನ ಕರುವನ್ನು ಇನ್ನೂ ತಣ್ಣಗೆ ಮಾಡುತ್ತದೆ. ಕರುವಿನ ಮೇಲೆ ಒಣ ಗೋಣಿಚೀಲ ಹೊದಿಸಿ. ಡ್ರಿಪ್ ಹೋಗುವಾಗ ಕೆಮ್ಮು ಬಂದರೆ, ಉಸಿರು ಜೋರಾದರೆ ತಕ್ಷಣ ಕೂಗಿ ಹೇಳಿ, ವೇಗ ಜಾಸ್ತಿಯಾಗಿದೆ ಅಂತ ಅರ್ಥ.

ದೊಡ್ಡ ಹಸುವಿನ ಲೆಕ್ಕವೇ ಬೇರೆ

400 ಕೆ.ಜಿ. ಹಸು 8 ಭಾಗ ಒಣಗಿದರೆ ಕೊರತೆ 32 ಲೀಟರ್. ಅರ್ಧ ಲೀಟರಿನ ಬಾಟಲಿಯಲ್ಲಿ ಲೆಕ್ಕ ಹಾಕಿದರೆ 64. ಇದನ್ನು ಕೊಟ್ಟಿಗೆಯಲ್ಲಿ ನರದ ಮೂಲಕ ತುಂಬಿಸುವುದು ಆಗದ ಮಾತು. ಅದಕ್ಕೇ ಡಾಕ್ಟರ್ ಕೊಳವೆ ಹಾಕಿ ಒಂದೇ ಸಲಕ್ಕೆ 20 ಲೀಟರಿನಷ್ಟು ಉಪ್ಪುನೀರನ್ನು ನೇರವಾಗಿ ಹೊಟ್ಟೆಗೆ ಬಿಡುತ್ತಾರೆ. ತುರ್ತಿದ್ದರೆ ಮೊದಲು ತುಂಬ ಗಟ್ಟಿಯಾದ ಉಪ್ಪಿನ ದ್ರಾವಣ, ನೂರಕ್ಕೆ ಏಳು ಭಾಗ ಉಪ್ಪಿನದ್ದು, ಕೆ.ಜಿ.ಗೆ 4ರಿಂದ 5 ಮಿ.ಲೀ. ಲೆಕ್ಕದಲ್ಲಿ ನರಕ್ಕೆ ಕೊಡುತ್ತಾರೆ. ಅದು ಮೈಯೊಳಗಿನ ನೀರನ್ನೇ ರಕ್ತನಾಳಕ್ಕೆ ಎಳೆದು ತರುತ್ತದೆ. ಅದಾದ ಮೇಲೆ ಹಸು ನೀರು ಕುಡಿಯಲೇಬೇಕು, ಕುಡಿಯದಿದ್ದರೆ ಕೊಳವೆಯಲ್ಲಿ ಕೊಡಲೇಬೇಕು.

ಮೆಲುಕು ಹಾಕುವ ಹಸುವಿಗೆ ಗ್ಲೂಕೋಸ್ ನೀರು ಕುಡಿಸಿ ಪ್ರಯೋಜನವಿಲ್ಲ. ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳೇ ಅದನ್ನು ತಿಂದು ಮುಗಿಸುತ್ತವೆ. ಮದುವೆ ಮನೆಯ ಅನ್ನ ತಿಂದು ಹೊಟ್ಟೆ ಕೆಟ್ಟ ಹಸುವಿಗಂತೂ ಸಿಹಿ ಕೊಡಲೇಬೇಡಿ. ಅಲ್ಲಿ ಹೊಟ್ಟೆ ಆಗಲೇ ಹುಳಿಯಾಗಿ, ಮೈಯ ನೀರನ್ನೆಲ್ಲ ಒಳಕ್ಕೆ ಎಳೆದುಕೊಂಡಿರುತ್ತದೆ.

ರಕ್ತ ಹೋದಾಗ

ಕೊಂಬು ಮುರಿದಿದೆ, ಕಬ್ಬು ಕಡಿಯುವ ಮಚ್ಚು ತಗುಲಿದೆ, ಕರು ಹಾಕುವಾಗ ಒಳಗೆ ಹರಿದಿದೆ. ಮೊದಲ ಕೆಲಸ ಒತ್ತುವುದು. ಚೊಕ್ಕ ಬಟ್ಟೆ ಮಡಿಸಿ ಗಾಯದ ಮೇಲಿಟ್ಟು ಹತ್ತು ನಿಮಿಷ ಬಿಡದೆ ಒತ್ತಿ. ನಿಂತಿತಾ ಅಂತ ನಡುನಡುವೆ ಎತ್ತಿ ನೋಡಿದರೆ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ. ಕರು ಹಾಕಿದ ಹಸುವಿನ ಒಳಗಿಂದ ರಕ್ತ ಸುರಿಯುತ್ತಿದ್ದರೆ ಕೈ ಹಾಕಬೇಡಿ, ಅದು ಡಾಕ್ಟರ್ ಕೆಲಸ.

400 ಕೆ.ಜಿ. ಹಸುವಿನ ಮೈಯಲ್ಲಿ 22ರಿಂದ 24 ಲೀಟರ್ ರಕ್ತ ಇರುತ್ತದೆ. ಎರಡು ಮೂರು ಲೀಟರ್ ಹೋದರೆ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಏಳು ಲೀಟರ್ ದಾಟಿದರೆ ಜೀವಕ್ಕೆ ಕುತ್ತು. ನೆಲದ ಮೇಲೆ ಹರಡಿದ ರಕ್ತ ಯಾವಾಗಲೂ ಜಾಸ್ತಿ ಕಾಣುತ್ತದೆ. ಒಂದು ಚೊಂಬು ನೀರು ಪಕ್ಕದಲ್ಲಿ ಚೆಲ್ಲಿ ಹೋಲಿಸಿ ನೋಡಿ, ಅಂದಾಜು ಸಿಗುತ್ತದೆ. ವಸಡು ಬಿಳಿಚಿಕೊಂಡಿದ್ದರೆ, ಕಿವಿ ತಣ್ಣಗಿದ್ದರೆ, ಎದೆಬಡಿತ ಓಡುತ್ತಿದ್ದರೆ ಅಂದಾಜಿಗೂ ಕಾಯಬೇಡಿ.

ಆರ್.ಎಲ್. ಕೊಟ್ಟಾಗ ಒಂದು ಗಂಟೆಯ ನಂತರ ರಕ್ತನಾಳದಲ್ಲಿ ಉಳಿಯುವುದು ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗ ಮಾತ್ರ. ಹಾಗಾಗಿ ಒಂದು ಲೀಟರ್ ರಕ್ತಕ್ಕೆ ಮೂರು ಲೀಟರ್ ದ್ರಾವಣದ ಲೆಕ್ಕ. ಆದರೆ ಅದು ಕೆಂಪುಕಣ ಅಲ್ಲ, ಉಸಿರಿನ ಆಮ್ಲಜನಕವನ್ನು ಹೊರುವುದಿಲ್ಲ. ತುಂಬ ಹೋಗಿದ್ದರೆ ರಕ್ತವೇ ಬೇಕು. ಒಳ್ಳೆಯ ಸುದ್ದಿ ಏನೆಂದರೆ ಹಸುವಿನಿಂದ ಹಸುವಿಗೆ ಮೊದಲ ಸಲ ರಕ್ತ ಕೊಡುವಾಗ ಗುಂಪು ಹೊಂದಿಸದೆ ಕೊಡುವುದು ಸಾಮಾನ್ಯವಾಗಿ ಸುರಕ್ಷಿತ. ಅದೇ ಕೊಟ್ಟಿಗೆಯ ಗಟ್ಟಿಮುಟ್ಟಾದ ಇನ್ನೊಂದು ಹಸು ನಾಲ್ಕು ಲೀಟರ್ ಕೊಡಬಲ್ಲದು. ಅದಕ್ಕೆ ಉಣ್ಣೆ ಹುಳ ಕಚ್ಚಿ ಬರುವ ಉಣ್ಣೆ ಜ್ವರ ಮತ್ತು ಗರ್ಭ ಕಳೆಯುವ ಕಂದು ರೋಗ (ಬ್ರುಸೆಲ್ಲೋಸಿಸ್) ಇರಬಾರದು. ಮೊದಲ ಹದಿನೈದು ನಿಮಿಷ ನಿಧಾನವಾಗಿ ಬಿಟ್ಟು, ನಡುಕ ಬರುತ್ತದಾ, ಉಸಿರು ಏರುತ್ತದಾ ಅಂತ ನೋಡುತ್ತೇವೆ. ವಾರ ಕಳೆದ ಮೇಲೆ ಮತ್ತೆ ಕೊಡುವುದು ಅಷ್ಟು ಸುರಕ್ಷಿತ ಅಲ್ಲ.

ಉಣ್ಣೆ ಜ್ವರದಲ್ಲಿ ಬಿಳಿಚಿಕೊಂಡ ಹಸುವಿನ ವಿಷಯ ಬೇರೆ. ಅಲ್ಲಿ ರಕ್ತದ ಅಳತೆ ಕಮ್ಮಿಯಾಗಿರುವುದಿಲ್ಲ, ಕೆಂಪುಕಣ ಒಡೆದಿರುತ್ತವೆ. ಸುಮ್ನೆ ಬಾಟಲಿ ಮೇಲೆ ಬಾಟಲಿ ಹಾಕಿದರೆ ಇರುವ ರಕ್ತವೂ ತೆಳುವಾಗುತ್ತದೆ.

ಮಳವಳ್ಳಿ ಕಡೆಯ ಬಂಡೂರು ಕುರಿಗೂ, ಮೇಕೆಗೂ ಗುಣಾಕಾರ ಇದೇ. 20 ಕೆ.ಜಿ. ಕುರಿ 8 ಭಾಗ ಒಣಗಿದರೆ 1.6 ಲೀಟರ್. ಮೈಸೂರಿನಲ್ಲಿ ನಾಯಿಮರಿ ಸಾಕಿರುವವರಿಗೆ ಒಂದೇ ಮಾತು. ವಾಂತಿ, ರಕ್ತಬೇಧಿ ಎರಡೂ ಇರುವ ಮರಿಗೆ ಪಾರ್ವೊ ಅನ್ನುವ ವೈರಸ್ ರೋಗ ಇರಬಹುದು, ಬಾಯಿಗೆ ನೀರು ಸುರಿಯುತ್ತಾ ಕೂರಬೇಡಿ. 5 ಕೆ.ಜಿ. ಮರಿಗೆ 400 ಮಿ.ಲೀ. ಕೊರತೆ ಅಂದರೆ ಅದು ಸಾಯುವಷ್ಟು ದೊಡ್ಡದು, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಸರಿಹೋಗುತ್ತಿದೆಯಾ?

ಡ್ರಿಪ್ ಮುಗಿದ ತಕ್ಷಣ ಕರು ಎದ್ದು ಕುಣಿಯುವುದಿಲ್ಲ. ಮೊದಲು ಕಿವಿ ಬೆಚ್ಚಗಾಗುತ್ತದೆ. ಆಮೇಲೆ ಬೆರಳು ಚೀಪುತ್ತದೆ. ಚೀಪಿದ ಕ್ಷಣದಿಂದ ಬಾಟಲಿಯ ನೀರು ಶುರು. ಬೇಧಿ ಇನ್ನೂ ಎರಡು ಮೂರು ದಿನ ಇರಬಹುದು, ಅದಕ್ಕೆ ಹೆದರಿ ನೀರು ನಿಲ್ಲಿಸಬೇಡಿ. ಆರು ಗಂಟೆಗೊಮ್ಮೆ ಕತ್ತಿನ ಚರ್ಮ ಎತ್ತಿ ಎಣಿಸಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ. ಎಷ್ಟು ಕುಡಿಸಿದಿರಿ ಅನ್ನುವುದನ್ನೂ ಪಕ್ಕದಲ್ಲೇ ಬರೆಯಿರಿ.

ನಾನು ಎಲ್ಲಕ್ಕಿಂತ ಹೆಚ್ಚಾಗಿ ಕಾಯುವುದು ಗಂಜಲಕ್ಕೆ. ಒಣಗಿದ ಮೈ ಮೂತ್ರವನ್ನು ನಿಲ್ಲಿಸಿಬಿಡುತ್ತದೆ, ನೀರು ಮೂತ್ರಪಿಂಡದವರೆಗೆ ಮುಟ್ಟಿದ ಮೇಲೇ ಅದು ಬರುವುದು. ಆವತ್ತು ಅವ್ವನ ಕರುವಿಗೆ ಮೂರು ಲೀಟರ್ ಆರ್.ಎಲ್. ಕೊಟ್ಟು, ಸೋಡಾ ದ್ರಾವಣವನ್ನೂ ಕೊಟ್ಟು, ಗೋಡೆಯ ಮೇಲೆ ಗಂಟೆ ಬರೆದು ಹೊರಟೆ. ಸಂಜೆ ಆರೂವರೆಗೆ ಫೋನ್ ಬಂತು.

"ಡಾಕ್ಟ್ರೇ, ಗಂಜಲ ಹುಯ್ತು."

"ಎಷ್ಟು ಕುಡೀತವ್ವಾ?"

"ಒಂದು ಬಾಟ್ಲು. ಮೂಗಿಂದ ಗುದ್ದಿ ಗುದ್ದಿ ಕುಡೀತಾ ಅದೆ."

"ಎರಡು ಗಂಟೆ ಬಿಟ್ಟು ಹಾಲು ಕೊಡಿ" ಅಂದೆ.